ನೊರ್ವಿಕ್‌ನವರ ಹೂಂ

ನನ್ನತ್ತೆ ಲಿಬೂಷೆ ಮೈಕಿನ ಮುಂದೆ ನಿಂತು ನನ್ನನ್ನು "ಅಧ್ಯಕ್ಷರೇ" ಎಂದು ಕರೆದಾಗ ಸೆಡ್ಲೊ ಹೈಸ್ಕೂಲಿನ ಜಿಮ್ಮಿನಲ್ಲಿ ಕುಳಿತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ನಾನು "ಏ ಹುಡುಗಿ". ನನಗೆ ಐವತ್ತು ದಾಟಿದರೂ, ಸುತ್ತಲಿನ ಊರುಗಳ ದನಕರುಗಳಿಗೆಲ್ಲ ನಾನೇ ಡಾಕ್ಟರಾದರೂ, ಆ ಕರೆಯಲ್ಲಿ ಬದಲಾವಣೆ ಇರಲಿಲ್ಲ.

"ಅಧ್ಯಕ್ಷರೇ, ನಂದೊಂದೇ ಪ್ರಶ್ನೆ. ಹೈಸ್ಕೂಲು ನಿಮ್ಮೂರಿಗೆ ಹೋಗತ್ತೆ. ಆಯ್ತು. ಈ ಕಟ್ಟಡ ಏನ್ ಮಾಡ್ತೀರಿ?"

"ಅದನ್ನ ಪರಿಶೀಲಿಸ್ತಾ ಇದೀವಿ," ಎಂದೆ.

"ಹೋದ ತಿಂಗಳೂ ಪರಿಶೀಲಿಸ್ತಾ ಇದ್ರಿ. ಅದಕ್ಕೆ ಮುಂಚೆನೂ ಪರಿಶೀಲಿಸ್ತಾ ಇದ್ರಿ. ಪರಿಶೀಲಿಸಿ ಪರಿಶೀಲಿಸಿ ಕನ್ನಡಕದ ನಂಬರ್ ಜಾಸ್ತಿ ಆಗಿರ್ಬೇಕು ನಿಮ್ಗೆ."

ಮತ್ತೆ ನಗು. ಯಾರೋ ಸಿಳ್ಳೆ ಹಾಕಿದರು. ನಾನು ನೀರು ಕುಡಿದೆ. ಸಭೆ ಮುಗಿದ ಮೇಲೆ ಇದೇ ಅತ್ತೆ ಕಾರಿನ ಹತ್ತಿರ ಬಂದು, ಕಿಟಕಿ ಬಡಿದು, ಒಂದು ಡಬ್ಬಿ ಕೊಲಾಚೆ ಕೈಗಿಟ್ಟರು. ನಡುವೆ ಏಪ್ರಿಕಾಟ್ ಜಾಮ್ ತುಂಬಿದ ಆ ಮೆತ್ತನೆ ಬನ್ನುಗಳೆಂದರೆ ಅವರ ಮಗ, ಅಂದರೆ ನನ್ನ ಗಂಡ ಏಮಿಲ್‌ಗೆ ಪ್ರಾಣ.

"ಎಲ್ಲಾ ಅವನೇ ತಿನ್ನದ ಹಾಗೆ ನೋಡ್ಕೊ. ಮೊಮ್ಮಗಳಿಗೂ ಕೊಡು. ಮತ್ತೆ ಏ ಹುಡುಗಿ, ಆ ಕೋಟ್ ಹಾಕ್ಕೊಂಡ್ ಮೀಟಿಂಗಿಗೆ ಬರ್ಬೇಡ್ವೆ. ಸಗಣಿ ವಾಸನೆ."

"ಅತ್ತೆ, ಅಲ್ಲಿ ನನ್ನ ಮಾನ ಕಳೆದು ಇಲ್ಲಿ ತಿಂಡಿ ಕೊಡ್ತೀರಲ್ಲ!"

"ಅಲ್ಲಿ ನೀನು ನೊರ್ವಿಕ್ ಶಾಲಾ ಮಂಡಳಿ. ಇಲ್ಲಿ ಸೊಸೆ. ಎರಡನ್ನೂ ಕಲಸ್ಬೇಡ," ಎಂದು ಹೇಳಿ ಹೊರಟೇಹೋದರು.

ಅಯೋವಾದ ಈ ಭಾಗದಲ್ಲಿ ಮೆಕ್ಕೆಜೋಳದ ಹೊಲಗಳ ನಡುವೆ ಎಲ್ಲಿ ಚರ್ಚಿನ ಗೋಪುರ ಕಾಣುತ್ತದೋ ಅಲ್ಲೊಂದು ಊರು. ಒಂದೊಂದು ಊರಿಗೂ ತನ್ನದೇ ಶಾಲಾ ಜಿಲ್ಲೆ, ತನ್ನದೇ ಮಂಡಳಿ, ತನ್ನದೇ ಬಸ್ಸು, ತನ್ನದೇ ಫುಟ್‌ಬಾಲ್ ತಂಡ. ನೊರ್ವಿಕ್ ನನ್ನ ತವರು. ನಾರ್ವೆಯಿಂದ ಬಂದ ಲುಥೆರನ್ ಪಂಗಡದ ಕ್ರೈಸ್ತರು ಕಟ್ಟಿದ್ದು. ಸೆಡ್ಲೊ ಏಮಿಲ್‌ನ ಊರು, ಜೆಕ್ ಕ್ಯಾಥೊಲಿಕರದ್ದು. ನಡುವೆ ಲಿಟಲ್ ಓಟರ್ ಎಂಬ ನದಿ, ಅದಕ್ಕೊಂದು ಸೇತುವೆ. ನಮ್ಮ ಜಮೀನು ಸೇತುವೆಯ ಈಚೆ ಬಿದ್ದದ್ದರಿಂದ ನಾನು ನೊರ್ವಿಕ್ ಮಂಡಳಿಗೆ ಆರಿಸಿ ಬಂದೆ. ಅಧ್ಯಕ್ಷೆಯಾಗುವ ಸರದಿ ಬಂದಾಗ ಉಳಿದವರೆಲ್ಲ ತಮ್ಮ ತಮ್ಮ ಷೂ ನೋಡಿಕೊಂಡರು. ನಾನು ಮಾತ್ರ ತಲೆಯೆತ್ತಿದ್ದೆ, ಹಾಗೆ ಅಧ್ಯಕ್ಷೆಯಾದೆ.

ಎರಡೂ ಶಾಲೆಗಳನ್ನು ಒಂದು ಮಾಡಬೇಕೆಂಬುದು ಹೊಸ ಮಾತೇನಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಒಮ್ಮೆ ಎದ್ದು ಬಿದ್ದುಹೋಗಿತ್ತು. ಈಗ ಬೇರೆ ದಾರಿ ಇರಲಿಲ್ಲ. ನೊರ್ವಿಕ್‌ನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಿಲ್ಲ. ನನ್ನ ಮಗಳು ಗ್ರೇಟಾ ಒಂದು ಪರದೆಯ ಮುಂದೆ ಕೂತು ದೂರದ ಯಾವುದೋ ಊರಿನ ಮೇಷ್ಟ್ರ ಪಾಠ ಕೇಳುತ್ತಿದ್ದಳು. ಗಾಳಿ ಜೋರಾದರೆ ಮೇಷ್ಟ್ರ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತಿತ್ತು. ಸೇತುವೆಯಾಚೆ ಸೆಡ್ಲೊದಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಿದ್ದಾರೆ, ಕಲಿಯುವ ಮಕ್ಕಳಿಲ್ಲ. ಆತ ಅರ್ಧ ದಿನ ಸಣ್ಣ ಮಕ್ಕಳಿಗೆ ಕುಂಟೆಬಿಲ್ಲೆ ಆಡಿಸುತ್ತಿದ್ದ. ಹೀಗೇ ಬಿಟ್ಟರೆ ರಾಜ್ಯದವರು ಎರಡಕ್ಕೂ ಬೀಗ ಹಾಕಿ, ಮಕ್ಕಳನ್ನು ದೂರದ ದೊಡ್ಡ ಶಾಲೆಗಳಿಗೆ ಹಂಚಿಬಿಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಯೋಜನೆ ಸರಳವಾಗಿತ್ತು. ದೊಡ್ಡ ಮಕ್ಕಳೆಲ್ಲ ನೊರ್ವಿಕ್‌ಗೆ, ಚಿಕ್ಕ ಮಕ್ಕಳೆಲ್ಲ ಸೆಡ್ಲೊಗೆ. ಸೆಡ್ಲೊದಲ್ಲಿ ಪ್ರಾಥಮಿಕ ಶಾಲೆಯ ಕಟ್ಟಡ ಹೊಸದು, ಹೈಸ್ಕೂಲು ಹಳೆಯದು. ನೊರ್ವಿಕ್‌ನಲ್ಲಿ ಅದರ ತಿರುಗುಮುರುಗು. ದೇವರೇ ಕೂತು ಹೊಂದಿಸಿದ ಹಾಗಿದೆಯಲ್ಲ ಎಂದುಕೊಂಡಿದ್ದೆ. ಎರಡೂ ಊರಿನವರು ಬೇರೆ ಬೇರೆಯಾಗಿ ಮತ ಹಾಕಬೇಕು, ಎರಡೂ ಕಡೆ ಗೆಲ್ಲಬೇಕು, ಅದು ನಿಯಮ.

ಮೂರು ಸಭೆಗಳು ಹೊಸ ಶಾಲೆಯ ಹೆಸರಿಗೇ ಹೋದವು. ನೊರ್ವಿಕ್-ಸೆಡ್ಲೊ ಎಂದರೆ ಸೆಡ್ಲೊದವರು ಎದ್ದು ನಿಂತರು. ಅಕ್ಷರಮಾಲೆ ಪ್ರಕಾರ ಅಷ್ಟೇ ಎಂದು ನಾನು ಸಮಾಧಾನ ಹೇಳಿದರೆ, "ಊರು ಹುಟ್ಟಿದ್ದು ನಮ್ಮದು ಮೊದಲು, ಅಕ್ಷರಮಾಲೆಗೆ ಯಾರು ಕೊಟ್ರು ಅಧಿಕಾರ?" ಎಂದು ಒಬ್ಬ ಕೇಳಿದ. ಬೇಸತ್ತು ನದಿಯ ಹೆಸರಿಡೋಣ ಎಂದೆ. "ಆ ಹಾಳು ನದಿ ನಮ್ಮ ನೆಲಮಾಳಿಗೆಗೆ ನುಗ್ಗಿದ್ದು ಮರ್ತೋಯ್ತಾ ಡಾಕ್ಟ್ರೇ? ಅದರ ಹೆಸರು ಮಕ್ಕಳ ಎದೆ ಮೇಲೆ ಹಾಕ್ಬೇಕಾ?" ಎಂದು ಹೆಂಗಸೊಬ್ಬಳು ಕಣ್ಣಲ್ಲಿ ನೀರು ತಂದುಕೊಂಡಳು. ಮನೆಗೆ ಹೋಗಿ ದಿಂಬಿಗೆ ಮುಖ ಒತ್ತಿ ಕೂಗಿದೆ. ಏಮಿಲ್ ಬಾಗಿಲಲ್ಲಿ ನಿಂತು ನೋಡಿ, "ದನಕ್ಕೇನಾದ್ರೂ ಆಯ್ತಾ?" ಎಂದ.

"ನೀನಾದ್ರೂ ಹೇಳು, ಯೋಜನೆ ಸರಿಯಾಗಿದೆಯೋ ಇಲ್ವೋ?"

"ನಾನು ಏನ್ ಹೇಳಿದ್ರೂ ಒಂದ್ ಕಡೆ ಊಟ ತಪ್ಪತ್ತೆ," ಎಂದು ಟ್ರ್ಯಾಕ್ಟರಿನ ಕಡೆ ನಡೆದ. ನನ್ನ ಗಂಡ ಹಾಗೇ.

ಆದರೂ ನಮ್ಮೂರಿನ ಸಭೆಗಳು ನನಗೆ ನೆಮ್ಮದಿ ಕೊಡುತ್ತಿದ್ದವು. ನೊರ್ವಿಕ್‌ನವರು ಕೂಗುವುದಿಲ್ಲ. ಸಾಲಾಗಿ ಕೂತು ಕೇಳುತ್ತಾರೆ. "ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದರೆ ಒಬ್ಬರನ್ನೊಬ್ಬರು ನೋಡಿ "ಹೂಂ" ಎಂದು ತಲೆದೂಗುತ್ತಾರೆ. ಆರಿನ್ ಸಾಥರ್, ನಮ್ಮಪ್ಪನ ಗೆಳೆಯ, ಹಾರ್ಡ್‌ವೇರ್ ಅಂಗಡಿ ನಡೆಸಿ ನಿವೃತ್ತನಾದವನು, ಪ್ರತಿ ಸಭೆಯಲ್ಲೂ ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಮುಗಿದ ಮೇಲೆ ನನ್ನ ಭುಜ ತಟ್ಟಿ, "ತುಂಬಾ ಕಷ್ಟಪಡ್ತಿದೀಯಮ್ಮ ಆರ್ಡಿಸ್. ಬಾ, ಕಾಫಿ ಆರೋಗತ್ತೆ," ಎನ್ನುತ್ತಿದ್ದ. ನಮ್ಮ ಕಡೆಯ ಚಿಂತೆ ಇಲ್ಲ, ಸೆಡ್ಲೊ ಒಂದನ್ನು ಒಪ್ಪಿಸಿದರೆ ಆಯಿತು ಎಂದು ನಾನು ನಂಬಿಕೊಂಡೆ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಸೆಡ್ಲೊದ ಲುಮೀರ್ ವೊಂದ್ರಾನ ಕೊಟ್ಟಿಗೆಯಿಂದ ಕರೆ ಬಂತು. ಹಸು ಕರು ಹಾಕಲು ಒದ್ದಾಡುತ್ತಿತ್ತು. ಹೋಗಿ ನೋಡಿದರೆ ಕರುವಿನ ಮುಂಗಾಲೊಂದು ಹಿಂದಕ್ಕೆ ಮಡಚಿಕೊಂಡಿದೆ. ಭುಜದವರೆಗೆ ಕೈ ಒಳಗೆ ಹಾಕಿ ಆ ಕಾಲಿಗಾಗಿ ತಡಕಾಡುತ್ತಿದ್ದೆ. ಲುಮೀರ್ ಬಾಲ ಹಿಡಿದು ನಿಂತು ಶುರು ಮಾಡಿದ.

"ಡಾಕ್ಟ್ರೇ, ಬಸ್ಸಿನ ವಿಷ್ಯ ಏನ್ ತೀರ್ಮಾನ ಮಾಡಿದ್ರಿ?"

"ಈಗ ಬೇಡ ಲುಮೀರ್."

"ಈಗಲ್ಲದೆ ಯಾವಾಗ? ಮೀಟಿಂಗಲ್ಲಿ ಮೈಕ್ ಸಿಗಲ್ಲ. ನಿಮ್ಮತ್ತೆ ಹಿಡ್ಕೊಂಡ್ರೆ ಬಿಡಲ್ಲ. ನನ್ನ ಮೊಮ್ಮಗ ಕತ್ತಲಲ್ಲಿ ಎದ್ದು ಸೇತುವೆ ದಾಟಿ..."

"ಹಸು ಮುಕ್ಕರೀತಾ ಇದೆ, ನನ್ನ ಕೈ ಮುರಿಯತ್ತೆ ಈಗ. ಸುಮ್ನಿರ್ತೀಯಾ?"

"ಸರಿ ಸರಿ. ಆದ್ರೆ ಒಂದ್ ಮಾತು. ನಾವು ಬಯ್ತೀವಿ, ಕೂಗ್ತೀವಿ. ನಮ್ಮ ಹೊಟ್ಟೇಲಿ ಏನಿದೆ ಅಂತ ನಿಮ್ಗೆ ಗೊತ್ತು. ನಿಮ್ಮೂರಿನವರ ಹೊಟ್ಟೇಲಿ ಏನಿದೆ, ಗೊತ್ತಾ?"

"ಅವರು ಒಪ್ಪಿದಾರೆ."

"ಒಪ್ಪಿದೀವಿ ಅಂದ್ರಾ?"

"ಬೇಡ ಅನ್ನಲಿಲ್ಲ."

ಲುಮೀರ್ ನಕ್ಕ. ಅಷ್ಟರಲ್ಲಿ ಗೊರಸು ಅಂಗೈಗೆ ಸಿಕ್ಕಿತು. ಮುಚ್ಚಿ ಹಿಡಿದು ಮುಂದಕ್ಕೆ ತಂದೆ, ಇಬ್ಬರೂ ಹಗ್ಗ ಎಳೆದೆವು. ಕರು ಹುಲ್ಲಿನ ಮೇಲೆ ಬಿದ್ದು ಸೀನಿತು. ಆ ಸಂತೋಷದಲ್ಲಿ ಅವನ ಮಾತು ನನ್ನ ತಲೆಯಿಂದ ಜಾರಿಹೋಯಿತು.

ಮತದಾನಕ್ಕೆ ಮುಂಚಿನ ಕೊನೆಯ ಜಂಟಿ ಸಭೆಯೂ ಸೆಡ್ಲೊದ ಜಿಮ್ಮಿನಲ್ಲೇ ನಡೆಯಿತು. ಸೆಖೆ. ಛಾವಣಿಯ ಫ್ಯಾನು ಕೆಟ್ಟಿತ್ತು. ಬೆಳಿಗ್ಗೆಯಿಂದ ಹಂದಿಗಳಿಗೆ ಲಸಿಕೆ ಹಾಕಿ ನನ್ನ ಬೆನ್ನು ಎರಡಾಗಿತ್ತು. ತಂಡದ ಬಣ್ಣದ ಬಗ್ಗೆ ಒಬ್ಬರು, ಊಟದ ಹಾಲಿನ ಬಗ್ಗೆ ಇನ್ನೊಬ್ಬರು, ನಲವತ್ತು ವರ್ಷದ ಹಿಂದೆ ನೊರ್ವಿಕ್‌ನ ರೆಫರಿ ಮಾಡಿದ ಮೋಸದ ಬಗ್ಗೆ ಮತ್ತೊಬ್ಬರು ಮಾತಾಡಿದರು. ಆಮೇಲೆ ಅತ್ತೆ ಎದ್ದರು.

"ಅಧ್ಯಕ್ಷರೇ, ಈ ಕಟ್ಟಡ ಏನ್ ಮಾಡ್ತೀರಿ?"

ನನ್ನ ಪಕ್ಕ ಕೂತಿದ್ದ ಶಾಲಾ ಜಿಲ್ಲೆಯ ಸೂಪರಿಂಟೆಂಡೆಂಟ್ ಒಂದು ಹಾಳೆ ನನ್ನ ಕಡೆ ಸರಿಸಿದ. ಅದರಲ್ಲಿ 'ಸಮುದಾಯ ಬಳಕೆಯ ಸಾಧ್ಯತೆಗಳು' ಎಂದು ಬರೆದಿತ್ತು. ಗ್ರಂಥಾಲಯ, ವಸ್ತುಸಂಗ್ರಹಾಲಯ, ಹಿರಿಯರ ಕೇಂದ್ರ. ಅದನ್ನು ಓದಲು ಬಾಯಿ ತೆರೆದೆ. ಓದಲಾಗಲಿಲ್ಲ. ಹಾಳೆ ಮಗುಚಿ ಹಾಕಿದೆ.

"ಕೆಡವ್ತೀವಿ," ಎಂದೆ.

ಸೂಪರಿಂಟೆಂಡೆಂಟ್ ಆ ಹಾಳೆಯನ್ನು ಮತ್ತೆ ನೇರ ಮಾಡಿ ನನ್ನ ಮುಂದಿಟ್ಟ.

"ಕೆಡವ್ತೀವಿ ಅತ್ತೆ. ಛಾವಣಿ ಸೋರತ್ತೆ, ಗೋಡೆ ಒಳಗೆಲ್ಲಾ ಬೂಷ್ಟು. ರಿಪೇರಿ ಮಾಡೋ ಶಕ್ತಿ ನಮಗೂ ಇಲ್ಲ, ನಿಮಗೂ ಇಲ್ಲ. ಲೈಬ್ರರಿ ಆಗಲ್ಲ, ಮ್ಯೂಸಿಯಂ ಆಗಲ್ಲ. ಬುಲ್ಡೋಜರ್ ಬರತ್ತೆ, ಹುಲ್ಲು ಬಿತ್ತೀವಿ. ಅಷ್ಟೇ. ಬೇರೆ ಯಾರಾದ್ರೂ ಬೇರೆ ಏನಾದ್ರೂ ಹೇಳಿದ್ರೆ ಸುಳ್ಳು. ಹೆಸರು ನಿಮಗೆ ಇಷ್ಟ ಆಗಲ್ಲ, ಬಣ್ಣ ಇಷ್ಟ ಆಗಲ್ಲ, ಬಸ್ಸು ಬೇಗ ಬರತ್ತೆ. ಮೇಷ್ಟ್ರು ಮಾತ್ರ ಇರ್ತಾರೆ, ಪರದೆ ಮೇಲಲ್ಲ, ಎದುರಿಗೆ. ಬೇಕಾದ್ರೆ ತಗೊಳ್ಳಿ, ಬೇಡವಾದ್ರೆ ಬಿಡಿ. ನಂಗೆ ಸಾಕಾಗೋಯ್ತು!"

ಆಮೇಲೆ ಎದ್ದ ಗದ್ದಲ ಹೇಳತೀರದು. ಕುರ್ಚಿಗಳು ಉರುಳಿದವು. "ನಾಚಿಕೆ ಆಗ್ಬೇಕು!" ಎಂದು ಯಾರೋ ಕೂಗಿದರು. ಸೂಪರಿಂಟೆಂಡೆಂಟ್ ಹಣೆ ಹಿಡಿದುಕೊಂಡ. ಅತ್ತೆ ಮಾತ್ರ ಮೈಕನ್ನು ನಿಧಾನವಾಗಿ ಅದರ ಜಾಗಕ್ಕಿಟ್ಟು, ಕೈಚೀಲ ಎತ್ತಿಕೊಂಡು, ಹೊರಗೆ ನಡೆದರು. ಅವತ್ತು ಕಾರಿನ ಹತ್ತಿರ ಬರಲಿಲ್ಲ. ಕೊಲಾಚೆಯೂ ಬರಲಿಲ್ಲ. ಎಲ್ಲ ಕೆಡಿಸಿಬಿಟ್ಟೆ ಎಂದು ದಾರಿಯುದ್ದಕ್ಕೂ ಸ್ಟಿಯರಿಂಗ್ ಗುದ್ದಿಕೊಂಡು ಬಂದೆ.

ಮತದಾನದ ಸಂಜೆ ಕೌಂಟಿ ಕಚೇರಿಯಿಂದ ಫಲಿತಾಂಶ ಬಂತು. ಫೋನು ಎತ್ತಿದ ಗ್ರೇಟಾಳ ಮುಖ ವಿಚಿತ್ರವಾಯಿತು.

"ಅಮ್ಮಾ, ಸೆಡ್ಲೊದಲ್ಲಿ ಗೆದ್ದಿದೆ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಕೂತ್ಕೊ ಅಮ್ಮಾ. ನೊರ್ವಿಕ್‌ನಲ್ಲಿ ಸೋತಿದೆ."

ಉಲ್ಟಾ ಕೇಳಿಸಿಕೊಂಡಿದ್ದಾಳೆ ಎಂದುಕೊಂಡು ನಾನೇ ಮತ್ತೆ ಫೋನು ಮಾಡಿದೆ. ಉಲ್ಟಾ ಅಲ್ಲ. ಬೈದು, ಕೂಗಿ, ಸಿಳ್ಳೆ ಹಾಕಿದ ಊರು ಒಪ್ಪಿತ್ತು. ತಲೆದೂಗಿ, ಭುಜ ತಟ್ಟಿ, ಕಾಫಿ ಕೊಟ್ಟ ಊರು ಕೈ ಕೊಟ್ಟಿತ್ತು. ಅದೂ ಅಲ್ಪಸ್ವಲ್ಪದಲ್ಲಲ್ಲ; ಚೆನ್ನಾಗಿಯೇ ಮಣ್ಣು ಮುಕ್ಕಿಸಿತ್ತು. ನಾನು ಏಮಿಲ್‌ನನ್ನು ನೋಡಿದೆ.

"ನೀನೇನ್ ಹಾಕ್ದೆ?"

"ಗುಪ್ತ ಮತದಾನ ಅಂತಾರಲ್ಲ, ಅದಕ್ಕೇ," ಎಂದ. ಇವತ್ತಿಗೂ ಹೇಳಿಲ್ಲ.

ಆಗಲೇ ಅತ್ತೆಯ ಫೋನು ಬಂತು.

"ಏ ಹುಡುಗಿ, ಏನೇ ಇದು! ನಾವು ಒಪ್ಕೊಂಡ್ರೆ ನಿಮ್ಮವರು ಬಾಗಿಲು ಹಾಕ್ಕೊಂಡ್ರಾ? ನಮಗೆ ಅವಮಾನ ಅಲ್ವಾ?"

"ನೀವು... ನೀವು ಒಪ್ಪಿದ್ರಾ ಅತ್ತೆ?"

"ಹೂಂ ಅಂತ ಗುರುತು ಹಾಕಿದ್ದಲ್ದೆ, ಬೀದಿಬೀದಿ ಸುತ್ತಿ ಎಲ್ಲರ ಕೈಲೂ ಹಾಕ್ಸಿದೀನಿ. ಕೇಳು. ನಾನು ಹುಡುಗಿಯಾಗಿದ್ದಾಗ ನಮ್ಮ ಹಳ್ಳಿ ಶಾಲೇನ ಸೆಡ್ಲೊಗೆ ಸೇರಿಸಿದ್ರು. ಕಟ್ಟಡ ಹಾಗೇ ಇರತ್ತೆ, ಲೈಬ್ರರಿ ಮಾಡ್ತೀವಿ ಅಂತ ನಮ್ಮಪ್ಪನ ಕೈ ಕುಲುಕಿ ಹೇಳಿದ್ರು. ಮಾರನೇ ವರ್ಷ ಅದರಲ್ಲಿ ಹಂದಿ ಕಟ್ಟಿದ್ರು. ನಮ್ಮಪ್ಪ ಸಾಯೋವರೆಗೂ ಆ ರಸ್ತೇಲಿ ಹೋಗ್ಲಿಲ್ಲ. ಕೆಡವಿದ್ರೆ ಅಷ್ಟು ಸಂಕಟ ಆಗ್ತಿರ್ಲಿಲ್ಲ ಕಣೆ, ನಂಬಿಸಿದ್ರಲ್ಲ, ಅದು. ನೀನೊಬ್ಳೇ ನೇರವಾಗಿ ಹೇಳಿದ್ದು. ನೀನು ಸುಳ್ಳು ಹೇಳ್ತಾ ಇರೋವರೆಗೂ ನಾನು ಬಿಡ್ತಿರ್ಲಿಲ್ಲ, ನಿಜ ಹೇಳಿದ್ಮೇಲೆ ಇನ್ನೇನ್ ಕೇಳ್ಲಿ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.

"ಭಾನುವಾರ ನಿಮ್ಮ ಚರ್ಚಲ್ಲಿ ಕಾಫಿ ಎಷ್ಟೊತ್ತಿಗೆ?" ಎಂದು ಕೇಳಿದರು.

"ಯಾಕೆ?"

"ಯಾಕೆ ಅಂದ್ರೆ? ಕುಡಿಯೋಕೆ!"

ನನ್ನ ಮದುವೆಯ ನಂತರ ಅತ್ತೆ ನಮ್ಮ ಲುಥೆರನ್ ಚರ್ಚಿನ ನೆಲಮಾಳಿಗೆಯ ಮೆಟ್ಟಿಲು ಇಳಿದದ್ದು ಆ ಭಾನುವಾರವೇ. ತಮ್ಮ ಪೂಜೆ ಬೇಗ ಮುಗಿಸಿಕೊಂಡು, ಒಳ್ಳೆಯ ಟೋಪಿ ಹಾಕಿಕೊಂಡು ಬಂದಿದ್ದರು. ನಮ್ಮವರು ಎದ್ದು ಜಾಗ ಕೊಟ್ಟರು, ಕಾಫಿ ಸುರಿದರು, ಲೆಫ್ಸ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ತಟ್ಟೆಯಲ್ಲಿಟ್ಟರು. ಹವಾಮಾನದ ಮಾತು ತೆಗೆದರು. ಅತ್ತೆ ಕಪ್ಪು ಕೆಳಗಿಟ್ಟು ಆರಿನ್ ಸಾಥರ್ ಕಡೆ ತಿರುಗಿದರು.

"ಮಳೆ ಕಥೆ ಆಮೇಲೆ. ನೀವು ಹೂಂ ಅಂದ್ರಾ, ಊಹೂಂ ಅಂದ್ರಾ?"

ಆರಿನ್ ಕಿವಿಯವರೆಗೆ ಕೆಂಪಾದ.

"ಅದು... ನೋಡಿ, ಲಿಬೂಷೆಯವರೇ..."

"ನೋಡ್ತಾನೇ ಇದೀನಿ. ಹೇಳಿ."

ಅವನು ತನ್ನ ಕರವಸ್ತ್ರ ಮಡಿಸಿದ. ಆಮೇಲೆ ನನ್ನನ್ನು ನೋಡದೆ ಹೇಳಿದ: "ಊಹೂಂ ಅಂದೆ. ಚಿಕ್ಕ ಮಕ್ಕಳೆಲ್ಲ ಊರು ಬಿಟ್ಟು ಹೋಗ್ತವೆ. ನಮ್ಮ ಮನೆ ಶಾಲೆ ಎದುರಿಗಿದೆ. ಹೆಂಡ್ತಿ ಹೋದ್ಮೇಲೆ, ಮಕ್ಕಳು ಆಟಕ್ಕೆ ಬಿಟ್ಟಾಗ ಆ ಗಲಾಟೆ ಕೇಳ್ಕೊಂಡೇ ನಾನು ಊಟ ಮಾಡೋದು. ದೊಡ್ಡ ಹುಡುಗರು ಗಲಾಟೆ ಮಾಡಲ್ಲ, ಫೋನ್ ನೋಡ್ತಾವೆ. ಐದು ವರ್ಷದ ಮಗೂನ ಸೇತುವೆ ಆಚೆ ಕಳ್ಸಿದ್ರೆ ತಾಯಂದಿರು ಅಲ್ಲೇ ಮನೆ ಮಾಡ್ತಾರೆ. ಆಮೇಲೆ ಇಲ್ಲಿ ಯಾರು ಉಳೀತಾರೆ?"

"ಹೌದು," ಎಂದಿತು ಹಿಂದಿನ ಮೇಜಿನಿಂದ ಒಂದು ಧ್ವನಿ. "ಅದೇ," ಎಂದಿತು ಇನ್ನೊಂದು. ನೆಲಮಾಳಿಗೆಯ ತುಂಬ ತಲೆಗಳು ಆಡತೊಡಗಿದವು.

ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. "ಆರಿನ್ ಮಾವಾ, ಒಂದು ವರ್ಷ ಮೀಟಿಂಗ್ ಮಾಡಿದೀನಿ. ಪ್ರತಿ ಸಲ ಕೇಳಿದೀನಿ, ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ ಅಂತ. ಬಾಯಲ್ಲಿ ಏನಿಟ್ಕೊಂಡಿದ್ರಿ?"

"ನೀನು ಅಷ್ಟೊಂದ್ ಕಷ್ಟ ಪಡ್ತಿದ್ದೆ," ಎಂದ ಆರಿನ್. "ನಿನ್ನ ಮನಸ್ಸು ನೋಯಿಸೋದು ಹೇಗೆ?"

"ಅದಕ್ಕೆ ಸೋಲಿಸಿದ್ರಾ!"

"ಅದು... ಗುಟ್ಟಾಗಿ ಅಲ್ವಾ," ಎಂದ.

ನಾನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ. ಅತ್ತೆ ಲೆಫ್ಸ ಅಗಿಯುತ್ತಾ, "ಎಂಥಾ ಜನವೇ ನೀವು," ಎಂದು ನಿಜವಾದ ಆಶ್ಚರ್ಯದಿಂದ ಸುತ್ತ ನೋಡಿದರು. ಆಮೇಲೆ, "ಚಿಕ್ಕ ಕ್ಲಾಸುಗಳು ಎರಡೂರಲ್ಲೂ ಇರ್ಲಿ. ದೊಡ್ಡವರು ಮಾತ್ರ ಸೇರ್ಲಿ. ಅದಕ್ಕೇನ್ ತೊಂದ್ರೆ?" ಎಂದರು, ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ.

ತೊಂದರೆ ಬೇಕಾದಷ್ಟಿತ್ತು. ಮೇಷ್ಟ್ರು ಹೆಚ್ಚು ಬೇಕು, ಎರಡು ಅಡುಗೆಮನೆ ನಡೆಸಬೇಕು, ರಾಜ್ಯದವರು ಮೂಗು ಮುರಿಯುತ್ತಾರೆ. ಮತ್ತೆ ಅರ್ಜಿ, ಮತ್ತೆ ಸಭೆ. ಸೂಪರಿಂಟೆಂಡೆಂಟ್ ಬೇರೆ ಊರಿಗೆ ಕೆಲಸ ಹುಡುಕಿಕೊಂಡು ಹೋದ. ಈ ಸಲ ನಾನು ನೊರ್ವಿಕ್‌ನಲ್ಲಿ ವೇದಿಕೆ ಹತ್ತಲಿಲ್ಲ. ಮನೆಮನೆಗೆ ಹೋಗಿ ಅಡುಗೆಮನೆಯಲ್ಲಿ ಕೂತು, "ಬೈಯಿರಿ, ಬೈಯದೆ ಎದ್ದೇಳಲ್ಲ," ಎಂದೆ. ಮೊದಮೊದಲು ಕಷ್ಟಪಟ್ಟರು. ರುಚಿ ಹತ್ತಿದ ಮೇಲೆ ನಿಲ್ಲಿಸುವುದೇ ಕಷ್ಟವಾಯಿತು. ಮುಂದಿನ ವರ್ಷ ಎರಡೂ ಕಡೆ ಗೆದ್ದಿತು, ನೊರ್ವಿಕ್‌ನಲ್ಲಿ ಕೂದಲೆಳೆಯಲ್ಲಿ.

ಗ್ರೇಟಾಗೆ ಅದರಿಂದ ಏನೂ ಸಿಗಲಿಲ್ಲ. ಆ ಹೊತ್ತಿಗೆ ಅವಳು ಪರದೆಯ ಮೇಷ್ಟ್ರ ಹತ್ತಿರವೇ ಓದು ಮುಗಿಸಿ ಕಾಲೇಜಿಗೆ ಹೋಗಿದ್ದಳು. ಪ್ರಯೋಗಾಲಯದಲ್ಲಿ ಮೊದಲ ಸಲ ಬರ್ನರ್ ಹಚ್ಚಿ, ಹುಬ್ಬಿನ ತುದಿ ಸುಟ್ಟುಕೊಂಡು, ನಗುತ್ತಾ ಫೋಟೋ ಕಳಿಸಿದಳು. ನಾನು ನಗಲಿಲ್ಲ. ಒಂದು ವರ್ಷ ಮುಂಚೆ ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

ಸೆಡ್ಲೊದ ಹಳೇ ಹೈಸ್ಕೂಲು ಬೇಸಿಗೆಯಲ್ಲಿ ಬಿತ್ತು. ಊರಿಗೆ ಊರೇ ಮಡಚುವ ಕುರ್ಚಿ ತಂದು ರಸ್ತೆಯಾಚೆ ಕೂತು ನೋಡಿತು. ಅತ್ತೆಯ ಪಕ್ಕ ನಾನು ಕೂತೆ. ಮೊದಲ ಗೋಡೆ ಬಿದ್ದಾಗ ಅವರು ನನ್ನ ಕೈ ಹಿಡಿದುಕೊಂಡರು, ಧೂಳು ಇಳಿಯುವವರೆಗೂ ಬಿಡಲಿಲ್ಲ. ಅವರ ಬಾಯಲ್ಲಿ ಮಾತು ಬಾರದ್ದನ್ನು ಅವತ್ತೇ ಕಂಡದ್ದು.

ಹೊಸ ಜಂಟಿ ಮಂಡಳಿಗೆ ಚುನಾವಣೆ ನಡೆದಾಗ ಸೆಡ್ಲೊದವರು ಅತ್ತೆಯನ್ನೇ ಆರಿಸಿ ಕಳಿಸಿದರು. ಅಧ್ಯಕ್ಷತೆ ಮತ್ತೆ ನನ್ನ ತಲೆಗೇ ಬಂತು; ಮೊದಲ ಸಭೆಯಲ್ಲಿ ಅತ್ತೆ ನನ್ನ ಬಲಕ್ಕೇ ಕೂತರು. ನಾನು ಮಂಡಿಸಿದ ಮೊದಲ ಠರಾವು ಬ್ಯಾಂಡಿನ ಸಮವಸ್ತ್ರದ ಬಣ್ಣದ್ದು, ಹಸಿರು.

"ವಿರೋಧ," ಎಂದರು ಅತ್ತೆ.

"ಅತ್ತೆ, ನಿನ್ನೆ ನಮ್ಮನೇಲೇ ಹಸಿರು ಚೆನ್ನಾಗಿದೆ ಅಂದ್ರಲ್ಲ!"

"ನಿನ್ನೆ ನಾನು ಮಂಡಳಿಯಲ್ಲಿರ್ಲಿಲ್ಲ ಅಧ್ಯಕ್ಷರೇ. ಹಸಿರಲ್ಲಿ ಮಕ್ಕಳು ಕಪ್ಪೆ ಥರ ಕಾಣ್ತಾರೆ."

ಸಭಿಕರ ಸಾಲಿನಿಂದ ಆರಿನ್ ಸಾಥರ್ ಕೈ ಎತ್ತಿದ. ಹಸಿರಿನ ಬಗ್ಗೆ ಅವನಿಗೂ ಬಹಳ ದಿನದಿಂದ ಹೇಳಬೇಕಾದ್ದೊಂದಿತ್ತಂತೆ. ಅವನ ಹಿಂದೆ ಇನ್ನೂ ನಾಲ್ಕಾರು ಕೈಗಳು ಎದ್ದವು, ಎಲ್ಲವೂ ನೊರ್ವಿಕ್‌ನವು. ಬಣ್ಣ ತೀರ್ಮಾನವಾಗದೆ ಸಭೆ ಮುಂದಕ್ಕೆ ಹೋಯಿತು.

ಅತ್ತೆಯನ್ನು ಅವರ ಮನೆಗೆ ಬಿಡುವುದು ನನ್ನ ಪಾಲಿಗೇ ಬಂತು. ಕಾರಿನಿಂದ ಇಳಿದು, ಬಾಗಿಲು ಹಿಡಿದುಕೊಂಡು, ಅವರು ಒಳಗೆ ಬಗ್ಗಿದರು.

"ನಾಳೆ ಬೆಳಿಗ್ಗೆ ಬಾ. ಬೆಕ್ಕಿಗೆ ಕಿವಿ ಸೋರ್ತಾ ಇದೆ."

"ಮಂಡಳಿಗೆ ಅರ್ಜಿ ಹಾಕಿ," ಎಂದು ಗೇರು ಹಾಕಿದೆ.

"ಏ ಹುಡುಗಿ!" ಎಂದು ಅವರು ಹಿಂದಿನಿಂದ ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಬೆಳಿಗ್ಗೆ ಹೋದೆ. ಬೆಕ್ಕು ನನ್ನನ್ನು ಪರಚಿತು.